ಹಾಲಿನ ಲೋಟದಲ್ಲಿ ಆಂಟಿವೈರಲ್

ಮೊದಲು ಜ್ವರ, ಜೊತೆಗೆ ಒಂದಿಷ್ಟು ಕೆಮ್ಮು. ಮನೆಯಲ್ಲಿ ಎಲ್ಲರಿಗೂ ಬಂದು ಹೋಗಿತ್ತು, ನಾಲ್ಕು ವರ್ಷದ ನವ್ಯಾಗೂ ಹಾಗೇ ಹೋಗುತ್ತದೆ ಎಂದುಕೊಂಡಿದ್ದೆವು. ಹೋಗಲಿಲ್ಲ. ಒಂದು ಮಧ್ಯಾಹ್ನ ಅವಳ ಅಂಗಿ ಬಿಚ್ಚಿದಾಗ ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಮಗಳನ್ನು ನಡುವೆ ಕೂರಿಸಿಕೊಂಡು ನಾನು, ನನ್ನ ಗಂಡ ಬೈಕಿನಲ್ಲಿ ಕೆಜಿಎಫ್‌ನ ಆಸ್ಪತ್ರೆಗೆ ಓಡಿದೆವು.

ಇನ್‌ಫ್ಲುಯೆಂಜಾ. ನ್ಯುಮೋನಿಯಾಗೆ ತಿರುಗಿತ್ತು.

ಮೂಗಿಗೆ ಆಕ್ಸಿಜನ್ ಹಾಕಿದರು. "ಜ್ವರ ಶುರುವಾದ ಕೂಡಲೇ ಕೊಟ್ಟರೆ ಈ ಆಂಟಿವೈರಲ್ ಚೆನ್ನಾಗಿ ಕೆಲಸ ಮಾಡುತ್ತೆ. ಅಡ್ಮಿಟ್ ಆದ ಮಕ್ಕಳಿಗೆ ತಡವಾಗಿದ್ರೂ ಕೊಡ್ತೀವಿ. ಹೊಟ್ಟೆಯಲ್ಲಿ ನಿಲ್ಲಬೇಕು ಅಷ್ಟೆ," ಎಂದರು ಡಾಕ್ಟರ್.

ಅದೇ ಆಗಲಿಲ್ಲ. ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟರೆ ನನ್ನ ಮಗಳು ಅದನ್ನು ನರ್ಸಿನ ಮೇಲೇ ಉಗಿದಳು.

ಮಾರನೆಯ ಬೆಳಿಗ್ಗೆ ನಾನು ಮುಖ ತೊಳೆಯಲು ಹೋಗಿದ್ದೆ. ನಮ್ಮದು ಹಸು ಸಾಕಿ ಡೇರಿಗೆ ಹಾಲು ಹಾಕುವ ಮನೆ. ಹಸು ನೋಡಿಕೊಳ್ಳಲು ನನ್ನ ಗಂಡ ಊರಿಗೆ ಮರಳಿ, ತಮ್ಮ ತಾಯಿಯನ್ನು ಕಳಿಸಿದ್ದರು. ಹಾಲಿನಲ್ಲಿ ಕೊಟ್ಟರೆ ಎಂಥ ಔಷಧಿಯೂ ಒಳಗೆ ಹೋಗುತ್ತದೆಂಬುದು ನನ್ನ ಅತ್ತೆಯ ನಂಬಿಕೆ. ನರ್ಸ್ ಕಲಸಿಟ್ಟಿದ್ದನ್ನು ಅವರು ಊರಿಂದ ತಂದ ಹಾಲಿನ ಲೋಟಕ್ಕೆ ಸುರಿದುಬಿಟ್ಟಿದ್ದರು. ನವ್ಯಾ ಸ್ವಲ್ಪ ಕುಡಿದು ಲೋಟ ತಳ್ಳಿದಳು. ಉಳಿದದ್ದು ಹಾಸಿಗೆಯ ಪಾಲಾಯಿತು.

ಎಷ್ಟು ಒಳಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು. "ಆಲಲ್ಲಿ ಆಕಿದ್ರೆ ಕುಡೀತಾಳೆ ಅನ್ಕೊಂಡೆ ಕಣಮ್ಮ," ಎಂದು ಅತ್ತೆ ಸೆರಗಿನಿಂದ ಹಾಸಿಗೆ ಒರೆಸತೊಡಗಿದರು. ನಾನು ಹೋಗಿ ನರ್ಸನ್ನು ಕರೆದುತಂದೆ. ನರ್ಸ್ ಕೆಜಿಎಫ್‌ನವಳು, ಅಜ್ಜಿಯರನ್ನೆಲ್ಲ ತಮಿಳಿನಲ್ಲಿ ಪಾಟಿ ಎಂದೇ ಕರೆಯುವವಳು. "ಬಿಡಿ ಪಾಟಿ, ಡಾಕ್ಟರ್ನ ಕೇಳ್ತೀನಿ. ಇನ್ಮೇಲೆ ಒಂದ್ ಚಮಚದಷ್ಟರಲ್ಲೇ ಕಲಸೋಣ, ಲೋಟ ಬೇಡ," ಎಂದಳು.

ಮುಂದಿನ ಡೋಸಿಗೆ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮನೆಯಲ್ಲಿ ಅವರು ಕರುವಿಗೆ ಔಷಧಿ ಕುಡಿಸುವಾಗ ಅದರ ಕತ್ತು ಸವರುವುದು ನವ್ಯಾಳ ಕೆಲಸ. "ಇವತ್ತು ನೀನೇ ಕರ. ನಾನು ನವ್ಯಾ," ಎಂದರು. ಅವಳು ಅಜ್ಜಿಯನ್ನೊಮ್ಮೆ ನೋಡಿದಳು. ಆಮೇಲೆ ಆಕ್ಸಿಜನ್ ನಳಿಗೆ ಇಟ್ಟುಕೊಂಡೇ, ಬಹಳ ಗಂಭೀರವಾಗಿ "ಅಂಬಾ" ಎಂದು ಬಾಯಿ ತೆರೆದಳು. ಅತ್ತೆ ಕತ್ತು ಸವರುತ್ತಿದ್ದರು, ನರ್ಸ್ ಕೆನ್ನೆಯ ಬದಿಯಿಂದ ಸಿರಿಂಜಿನಲ್ಲಿ ತುಸು ತುಸುವೇ ಬಿಟ್ಟಳು.

"ನುಂಗವ್ವ, ನನ್ ಬಂಗಾರ."

ನುಂಗಿದಳು. ಆ ಗಳಿಗೆಯಲ್ಲಿ ಅತ್ತೆಯ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಅವರ ಕಾಲ ಬಳಿ ಸುಮ್ಮನೆ ಕುಳಿತುಬಿಟ್ಟೆ.

ನಿಧಾನಕ್ಕೆ ಜ್ವರ ಇಳಿಯಿತು. ಆಕ್ಸಿಜನ್ ತೆಗೆದರು. ಔಷಧಿಯಿಂದಲೇ ಎಂದು ಡಾಕ್ಟರ್ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಮಗಳು ಕೈಗೆ ಸಿಕ್ಕಿದ್ದಳು, ನನಗೆ ಅಷ್ಟು ಸಾಕಾಗಿತ್ತು.

ನಮ್ಮೂರು ಕ್ಯಾಸಂಬಳ್ಳಿಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿಲ್ಲವೆಂದು ನವ್ಯಾ ಜೋರಾಗಿ ರಾಗ ತೆಗೆದಳು. ಎಲ್ಲರೂ ತಿರುಗಿ ನೋಡಿದರು. ನಾನು ಗದರಿಸಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಅಳ್ಲಿ ಬಿಡಮ್ಮ. ಉಸ್ರು ಐತೆ, ಅಳ್ತಾಳೆ."

ಊರು ಬರುವವರೆಗೂ ಅತ್ತಳು. ನಾವಿಬ್ಬರೂ ಕೇಳುತ್ತಾ ಕುಳಿತೆವು.