ಅಗಸಿಯ ಜೋಡೆತ್ತು

ಮಹಾಲಿಂಗಪುರದ ಗಿರಮಲ್ಲಪ್ಪ ಬೀಸುಕಲ್ಲು, ಒರಳು ಕಡಿದು ಬದುಕುತ್ತಿದ್ದ. ಅವನನ್ನು ಶಿಲ್ಪಿ ಎಂದು ಕರೆಯುತ್ತಿದ್ದವನು ಊರಲ್ಲಿ ಒಬ್ಬನೇ, ಸ್ವತಃ ಅವನೇ.

ಮುಧೋಳ ಸಂಸ್ಥಾನದ ಆ ಕಾಲದಲ್ಲಿ, ಊರ ಹೆಬ್ಬಾಗಿಲಾದ ಅಗಸಿಯ ಎರಡೂ ಬದಿಗೆ ಕಲ್ಲಿನ ಎತ್ತು ನಿಲ್ಲಿಸಬೇಕೆಂದು ಜನ ಚಂದಾಪಟ್ಟಿ ಎತ್ತಿದರು. ಮುಂದಾಳು ಬೆಲ್ಲದ ವ್ಯಾಪಾರಿ ಧನಪಾಲ ಶೆಟ್ಟರು. ಕೆಲಸ ಗಿರಮಲ್ಲಪ್ಪನಿಗೆ ಬಂತು. ಈ ಎತ್ತು ನಿಂತರೆ ತಾನು ಶಿಲ್ಪಿ, ಇಲ್ಲವಾದರೆ ಸಾಯುವತನಕ ಒರಳು.

ಜೋಳ ಕೊಟ್ಟವರು ಒಂದು ಸಲಹೆ ಕೊಟ್ಟರು, ಬೆಲ್ಲ ಕೊಟ್ಟವರು ಎರಡು. "ಕೋಡು ನಮ್ಮ ಎತ್ತಿನಂಗ ಇರ್ಲಿ!" "ಡುಬ್ಬ ಮಾತ್ರ ನಮ್ಮದರಂಗ!" ಬೇಸತ್ತ ಗಿರಮಲ್ಲಪ್ಪ ಅಗಸಿಯಲ್ಲೇ ನೆಟ್ಟ ಕಲ್ಲುಗಳ ಸುತ್ತ ಬಿದಿರಿನ ತಟ್ಟಿ ಕಟ್ಟಿ, ಯಾರನ್ನೂ ಒಳಗೆ ಬಿಡದೆ ಕಡಿದ.

ಉದ್ಘಾಟನೆಗೆ ಮುಧೋಳದಿಂದ ಮಾಮಲೇದಾರ ಸಾಹೇಬರು ಟಾಂಗಾದಲ್ಲಿ ಬಂದಿಳಿದರು. ತಟ್ಟಿ ಬಿಚ್ಚಿದರು. ಸಾಹೇಬರಿಗೆ ಕಂಡದ್ದು ದುಂಡಗಿನ ಎರಡು ಹಿಂಭಾಗ, ಇಳಿಬಿದ್ದ ಎರಡು ಬಾಲ. ಮುಖಗಳು ಊರ ಕಡೆಗಿದ್ದವು. ಗಿರಮಲ್ಲಪ್ಪ ಹುಟ್ಟಿದಾಗಿನಿಂದ ನೋಡಿದ್ದ ಕಲ್ಲಿನ ಎತ್ತು ಗುಡಿಯ ನಂದಿಯೊಂದೇ. ಅದು ಒಳಗೇ ನೋಡುತ್ತದಲ್ಲ!

"ಏ ಗಿರಮಲ್ಲಾ, ಬಂದ ಸಾಹೇಬರಿಗೆ ಬಾಲ ತೋರಸ್ತಿಯೇನೋ?" ಶೆಟ್ಟರು ಗುಡುಗಿದರು. "ಎರಡೂ ಒಡಸಿ ಬುನಾದಿಗೆ ಹಾಕಸ್ತೇನಿ!"

"ನಂದಿ ಒಳಗs ನೋಡತೈತ್ರಿ ಶೆಟ್ರ..."

"ಅಲ್ಲಿ ಒಳಗ ಲಿಂಗ ಇರತೈತಿ. ಇಲ್ಲಿ ಒಳಗ ನಾ ಅದೇನಿ!"

ಜನ ಗೊಳ್ಳೆಂದಿತು. ಗಿರಮಲ್ಲಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಗ ಹೆಂಗಸರ ಗುಂಪಿನಿಂದ ಅವನ ಹೆಂಡತಿ ಅನಸವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅಲ್ರೀ ಶೆಟ್ರ, ಸಂಜೀಕ ನಿಮ್ಮ ಎತ್ತು ಹೊಲದಿಂದ ಬರಾಕತ್ತಾಗ ಮನಿ ಕಡೆ ನೋಡ್ತಾವೋ, ಮುಧೋಳ ಕಡೆ ನೋಡ್ತಾವೋ? ಊರು ಬಿಟ್ಟು ಹೊಂಟ ಎತ್ತs ಬೇಕಂದ್ರ ಹೇಳ್ರಿ, ನಮ್ಮವರು ಅವನ್ನೂ ಕಡದ ಕೊಡ್ತಾರ."

ಊರು ಬಿಟ್ಟು ಹೊರಟ ಎತ್ತು ಬೇಕೆನ್ನಲು ಯಾವ ಗಂಡಸಿಗೆ ಧೈರ್ಯ? "ಖರೆ ಐತಿ ಬಿಡವಾ!" ಎಂದಿತು ರೈತರ ಗುಂಪು. ಮಾಮಲೇದಾರರು ಅಗಸಿ ದಾಟಿ ಒಳಗೆ ಹೋಗಿ, ಎತ್ತುಗಳ ಮುಖ ನೋಡಿ, "ಛಲೋ ಅದಾವ" ಎಂದರು. ಶೆಟ್ಟರಿಗೂ ಒಡನೆಯೇ ಛಲೋ ಕಂಡವು.

"ಮನಿಗೆ ಬರೋ ಎತ್ತು ಅಂತ ಮೊದಲs ವಿಚಾರ ಮಾಡಿದ್ನಿ" ಎಂದು ಗಿರಮಲ್ಲಪ್ಪ ಆಮೇಲೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಒಳಗೆ ಅನಸವ್ವನ ಬೀಸುಕಲ್ಲು ಆಗ ಜೋರಾಗಿ ಗರಗರ ಅನ್ನುತ್ತಿತ್ತು.

ಶಿಲ್ಪಿ ಅಂತ ಮಾತ್ರ ಯಾರೂ ಕರೆಯಲಿಲ್ಲ. ಆದರೆ ಸಂಜೆ ಹೊಲದಿಂದ ಬರುವ ರೈತರು ಆ ಕಲ್ಲೆತ್ತುಗಳ ಹಿಂಭಾಗಕ್ಕೂ ಒಂದೊಂದು ಏಟು ತಟ್ಟಿ, "ಹೋ, ನಡಿ ಮನಿಗೆ" ಎನ್ನುತ್ತಿದ್ದರು. ಬೈಸಿಕೊಂಡ ಆ ಹಿಂಭಾಗವೇ ಕೈ ತಾಗಿ ತಾಗಿ ನುಣುಪಾಯಿತು.