ಸೊಲ್ಲು ಎತ್ತಿಕೊಂಡ ದನಿ

ಕಳೆದ ಗುರುವಾರ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ನಾನು ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು, ಎದುರಿನ ಸಾಲಿನಲ್ಲಿರುವ ಗ್ರಂಧಿಗೆ ಅಂಗಡಿಯ ಮುಂದೆ ನಿಂತಿದ್ದೆ. ಮನೆಯಲ್ಲಿ ಅರಿಶಿನದ ಕೊಂಬು ತರಲು ಹೇಳಿದ್ದರು. ಅಂಗಡಿಯಾತ ಒಳಗಿನಿಂದ ಒಂದು ಚೀಲ ಎಳೆದು ತಂದು ಅದರ ಬಾಯಿ ಬಿಚ್ಚಿದ. ಲಾಮಂಚದ ಬೇರು. ಆ ವಾಸನೆ ಬಂದದ್ದೇ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಯಾಕ್ ಸಾರ್, ತಲೆ ಸುತ್ತುತ್ತಾ? ನೀರ್ ಕೊಡ್ಲಾ?" ಎಂದ.

ತಲೆ ಸುತ್ತಿರಲಿಲ್ಲ. ಅದಕ್ಕೆ ನಾಲ್ಕು ದಿನ ಮುಂಚೆ, ರಾಜಾಜಿನಗರದ ಒಂದು ಮನೆಯಲ್ಲಿ ವರ್ಷದ ತಿಥಿಯ ಊಟ ಮುಗಿಸಿ ಹೊರಡುವಾಗ, ಆ ಮನೆಯ ಹೆಂಗಸು ಗೇಟಿನ ತನಕ ಬಂದು ಕೇಳಿದ್ದರು: "ಅಕ್ಕನ ದನಿ ಎಲ್ಲಾದ್ರೂ ಸಿಗುತ್ತಾ ಸಾರ್? ಎಷ್ಟೊಂದು ಜನರ ದನಿ ಹಿಡಿದಿಟ್ಟಳು. ಅವಳದು ಒಂದೂ ಇಲ್ಲ. ನನಗೆ ಮರೆತುಹೋಗ್ತಾ ಇದೆ… ಹೆದರಿಕೆ ಆಗುತ್ತೆ." ನಾನು ಹುಡುಕುತ್ತೇನೆ ಎಂದು ಹೇಳಿ ಬಂದಿದ್ದೆ. ಹುಡುಕಿದರೂ ಸಿಗುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು.

ಆ ಅಕ್ಕನನ್ನು ನಾವೆಲ್ಲ ರೇಡಿಯೊ ಮೇಡಂ ಎಂದು ಕರೆಯುತ್ತಿದ್ದೆವು. ಮೈಕಿಗೆ ತೊಡಿಸುವ ಸ್ಪಂಜಿನ ಟೋಪಿಯನ್ನು ಅವರು ಒಂದು ಸ್ಟೀಲ್ ಡಬ್ಬಿಯಲ್ಲಿ ಲಾಮಂಚದ ಬೇರಿನ ಜೊತೆ ಇಡುತ್ತಿದ್ದರು. ಮಾತಾಡುವವರ ಮೂಗಿನ ಹತ್ತಿರ ಹಿಡಿಯುವ ವಸ್ತು, ಅದಕ್ಕೆ ಹಿಂದಿನವರ ಬಾಯಿಯ ವಾಸನೆ ಇರಬಾರದು ಎನ್ನುವುದು ಅವರ ವಾದ. ಡಬ್ಬಿ ತೆಗೆದರೆ ಸಾಕು, ಮಾತಾಡಲು ಕೂತವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ನಾನು ಕನ್ನಡ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಒಂದು ಸಣ್ಣ ಸಮುದಾಯ ರೇಡಿಯೊ ಇತ್ತು. ಸುತ್ತಲಿನ ಕೆಲವು ಬಡಾವಣೆಗಳಿಗಷ್ಟೇ ಕೇಳಿಸುತ್ತಿತ್ತು. ಮೇಡಂ ಬೇರೆಲ್ಲೋ ರೇಡಿಯೊ ಕೆಲಸದಿಂದ ನಿವೃತ್ತರಾದ ಮೇಲೆ ಅಲ್ಲಿಗೆ ಬಂದು, ನಗರದೊಳಗೆ ಸೇರಿಹೋದ ಹಳ್ಳಿಗಳ ಮೇಲೆ ದಾಖಲೆ ಕಾರ್ಯಕ್ರಮಗಳನ್ನು ಮಾಡತೊಡಗಿದ್ದರು. ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿಯ ಮಗ, ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆಗಳವರು, ಗರಡಿಯ ಮಣ್ಣಿಗೆ ಮಜ್ಜಿಗೆ ಕಲಸುತ್ತಿದ್ದ ಪೈಲ್ವಾನರು… ಇಂಥವರು ಮಾತಾಡುತ್ತಿದ್ದರು. ನಡುನಡುವೆ ಬರುವ ನಿರೂಪಣೆಯನ್ನು ನಾನು ಓದುತ್ತಿದ್ದೆ. ಮೇಡಂ ದನಿ ಎಲ್ಲೂ ಬರುತ್ತಿರಲಿಲ್ಲ.

ಅದು ಅವರ ನೇಮ. ಪ್ರಶ್ನೆಯನ್ನು ಮೈಕು ಚಾಲೂ ಮಾಡುವ ಮುಂಚೆಯೇ ಕೇಳಿಬಿಡುತ್ತಿದ್ದರು. ಆಮೇಲೆ ಎದುರಿನವರು ಎಷ್ಟೇ ಹೊತ್ತು ಮಾತಾಡಲಿ, 'ಹೂಂ' ಎನ್ನುತ್ತಿರಲಿಲ್ಲ. ಕಣ್ಣರಳಿಸುವುದು, ತಲೆಯಾಡಿಸುವುದು, ಅಷ್ಟೇ. ಒಮ್ಮೆ ನಾನು ಅಭ್ಯಾಸಬಲದಿಂದ 'ಹೂಂ' ಎಂದದ್ದಕ್ಕೆ ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದರು: "ಆಯಮ್ಮ ಗಂಡ ಸತ್ತ ದಿನದ್ದು ಹೇಳ್ತಾ ಇದಾರೆ, ನಡುವೆ ನಿಮ್ಮ 'ಹೂಂ' ಕೂತಿದೆ ಸಾರ್, ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದಂಗೆ." ನಕ್ಕರು, ಆದರೆ ಮಾತು ತಮಾಷೆಯದ್ದಾಗಿರಲಿಲ್ಲ.

ಹೇರೋಹಳ್ಳಿಯಿಂದ ಇನ್ನೂ ಆಚೆ, ನಮ್ಮ ರೇಡಿಯೊ ಕೇಳಿಸುವ ಕೊನೆಯ ಅಂಚಿನಲ್ಲಿದ್ದ ಒಂದು ಹಳ್ಳಿಗೆ ನಾವು ಸೋಬಾನೆ ಹಾಡುವ ಅಜ್ಜಿಯೊಬ್ಬರನ್ನು ಹುಡುಕಿಕೊಂಡು ಹೋದೆವು. ಮದುವೆ ಮನೆಗಳಲ್ಲಿ ಹೆಂಗಸರು ಹಾಡುವ ಪದಗಳವು. ಒಬ್ಬರು ಒಂದು ಸೊಲ್ಲು, ಎಂದರೆ ಪದದ ಒಂದು ಸಾಲು, ಹೇಳಬೇಕು, ಇನ್ನೊಬ್ಬರು ಅದನ್ನೇ ಎತ್ತಿಕೊಂಡು ಹಾಡಬೇಕು. ಆಗ ಮೊದಲಿನವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನದನ್ನು ನೆನಪಿಸಿಕೊಳ್ಳಲು ಬಿಡುವು. ಆ ಅಜ್ಜಿ ಮತ್ತು ಅವರ ಓರಗಿತ್ತಿ ಮದುವೆಯಾಗಿ ಬಂದ ಹೊಸದರಿಂದಲೂ ಜೋಡಿಯಾಗಿಯೇ ಹಾಡಿದವರು. ಓರಗಿತ್ತಿ ಹಿಂದಿನ ವರ್ಷ ತೀರಿಕೊಂಡಿದ್ದರು.

ಮನೆಯ ಮುಂದಿನ ಜಮೀನು ಸೈಟುಗಳಾಗಿತ್ತು. ಹಿತ್ತಲು ಮಾತ್ರ ಹಾಗೇ ಉಳಿದಿತ್ತು. ಅಲ್ಲಿ ಚಾಪೆ ಹಾಸಿ ಕೂತೆವು. ಅಜ್ಜಿ ಮೊದಲ ಸೊಲ್ಲು ಹೇಳಿ ನಿಲ್ಲಿಸಿದರು. ನಾವು ಕಾದೆವು. ಮರೆತರೇನೋ ಎಂದುಕೊಂಡು ನಾನು ಮೇಡಂ ಕಡೆ ನೋಡಿದೆ. ಅವರು ಅಲುಗಾಡಲಿಲ್ಲ. ದೂರದಲ್ಲಿ ಬೋರ್‌ವೆಲ್ ಕೊರೆಯುವ ಲಾರಿಯ ಸದ್ದು, ಒಳಗೆ ಕುಕ್ಕರಿನ ಸೀಟಿ, ಒಂದು ಕಾಗೆ. ಸೊಲ್ಲಿನಷ್ಟೇ ಹೊತ್ತು ಸುಮ್ಮನಿದ್ದು ಅಜ್ಜಿ ಎರಡನೆಯ ಸೊಲ್ಲು ಎತ್ತಿದರು. ಮತ್ತೆ ಅಷ್ಟೇ ಹೊತ್ತು ಮೌನ. ಪದ ಪೂರ್ತಿ ಹಾಗೇ ನಡೆಯಿತು. ಆ ಬಿಡುವುಗಳಲ್ಲಿ ಅಜ್ಜಿಯ ತಲೆ ಮಾತ್ರ ಬಲಗಡೆಗೆ ಸ್ವಲ್ಪ ವಾಲುತ್ತಿತ್ತು. ಅಲ್ಲಿ ಯಾರೋ ಕೂತಿದ್ದಾರೆ ಎಂಬಂತೆ…

ಮುಗಿದ ಮೇಲೆ ಮೇಡಂ ಮೈಕು ನಿಲ್ಲಿಸಿದರು. ಅಜ್ಜಿ ಅವರನ್ನೇ ನೋಡಿ, "ಒಳ್ಳೆ ಓತಿಕ್ಯಾತ ಆಡ್ಸ್ದಂಗೆ ತಲೆ ಆಡಿಸ್ತೀಯಲ್ಲವ್ವ, ಬಾಯಿಲ್ವಾ ನಿಂಗೆ?" ಎಂದರು. ಅವರ ಸೊಸೆ ಜಯಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದರು. ಮೇಡಂ ಕೂಡ ನಕ್ಕರು.

ಆಮೇಲೆ ಅಜ್ಜಿ ಒಂದು ಕರಾರು ಹಾಕಿದರು. "ನಾನು ಸುಮ್ಕಿದ್ನಲ್ಲ, ಅದು ಅವಳ ಪಾಲು. ಕತ್ತರಿಸಬ್ಯಾಡಿ. ಇನ್ಯಾರ ಕೈಲೂ ಹೇಳಿಸ್ಬ್ಯಾಡಿ. ನಂಗೊಂದ್ಸಲ ರೇಡಿಯಾದಾಗೆ ನಾವಿಬ್ರೂ ಕೇಳಿಸ್ಬೇಕು, ಅಷ್ಟೇಯ."

"ಕತ್ತರಿಸಲ್ಲಮ್ಮ. ಯಾರೂ ಬರಲ್ಲ ಅಲ್ಲಿಗೆ," ಎಂದರು ಮೇಡಂ.

ಕಾಲೇಜಿನಲ್ಲಿ ಅದು ಸುಲಭವಾಗಲಿಲ್ಲ. ನಮ್ಮ ತಂತ್ರಜ್ಞ ನವೀನ, "ಮೇಡಂ, ಇಷ್ಟು ಗ್ಯಾಪ್ ಬಿಟ್ರೆ ಕೇಳೋರು ಸ್ಟೇಷನ್ ಆಫ್ ಆಯ್ತು ಅಂದ್ಕೋತಾರೆ" ಎಂದ. ಮೇಡಂ ಒಪ್ಪಲಿಲ್ಲ. ಕಡೆಗೆ ಒಂದೂ ಬಿಡುವನ್ನು ತೆಗೆಯದೆ ಕಾರ್ಯಕ್ರಮ ಸಿದ್ಧವಾಯಿತು. ನವೀನ ಅದನ್ನು ಪ್ರಸಾರಕ್ಕೆ ಹಾಕುವ ಮುಂಚೆ, ಒಳ್ಳೆಯದಾಗಲಿ ಎಂದು, ಒಂದು ಕೆಲಸ ಮಾಡಿದ: ಹಾಡಿನ ಹಿಂದಿನ ಗದ್ದಲವನ್ನೆಲ್ಲ ಅಳಿಸಿದ. ಲಾರಿ ಹೋಯಿತು, ಕುಕ್ಕರ್ ಹೋಯಿತು, ಕಾಗೆಯೂ ಹೋಯಿತು. ಬಿಡುವುಗಳಲ್ಲಿ ಈಗ ಏನೂ ಇರಲಿಲ್ಲ. ನಮ್ಮ ಸ್ಟೇಷನ್ನಿನ ಕಂಪ್ಯೂಟರಿನಲ್ಲಾದರೋ, ಕೆಲವು ಕ್ಷಣ ಸದ್ದೇ ಬಾರದಿದ್ದರೆ ಏನೋ ಕೆಟ್ಟಿದೆ ಎಂದುಕೊಂಡು ತಾನಾಗಿಯೇ ಕೊಳಲಿನ ಸಂಗೀತ ಹಾಕುವ ವ್ಯವಸ್ಥೆ ಇತ್ತು. ಇದು ನವೀನನಿಗೂ ಆ ಹೊತ್ತಿಗೆ ಹೊಳೆಯಲಿಲ್ಲ.

ಪ್ರಸಾರದ ದಿನ ಮಧ್ಯಾಹ್ನ ನಾವು ಮೂವರೂ ಅಜ್ಜಿಯ ಹಿತ್ತಲಿಗೆ ಹೋದೆವು. ನಾನು ಒಗೆಯುವ ಕಲ್ಲಿನ ಪಕ್ಕ, ಗೋಡೆಗೆ ಒರಗಿ ನಿಂತಿದ್ದೆ. ಅಜ್ಜಿ ಚಾಪೆಯ ಮೇಲೆ, ಅವರ ಎಡಕ್ಕೆ ಮೇಡಂ. ಬಲಗಡೆ ಅಜ್ಜಿ ಯಾರನ್ನೂ ಕೂರಗೊಡಲಿಲ್ಲ. ಜಯಮ್ಮ ರೇಡಿಯೊ ತಂದು ಎದುರಿಗಿಟ್ಟು, ಬಾಗಿಲ ಹೊಸ್ತಿಲ ಮೇಲೆ ಕೂತರು. ನವೀನ ತೆಂಗಿನ ಮರದ ಹತ್ತಿರ.

ನನ್ನ ನಿರೂಪಣೆ ಮುಗಿಯಿತು. ಅಜ್ಜಿಯ ಮೊದಲ ಸೊಲ್ಲು ಬಂತು. ಅಜ್ಜಿ ತಲೆಯನ್ನು ಬಲಕ್ಕೆ ವಾಲಿಸಿದರು. ಒಂದು ಕ್ಷಣ ಏನೂ ಇಲ್ಲ… ಆಮೇಲೆ ಕೊಳಲು.

ನವೀನ "ಅಯ್ಯೋ" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಎರಡನೆಯ ಸೊಲ್ಲು, ಮತ್ತೆ ಕೊಳಲು. ಅಜ್ಜಿಯ ತಲೆ ನೆಟ್ಟಗಾಯಿತು. "ಯಾರವ್ವ ಇದು, ಊದ್ತಾ ಇರೋನು?" ಎಂದು ಕೇಳಿದರು. ಸಿಟ್ಟಿನಿಂದಲ್ಲ. ಮನೆಗೆ ತಪ್ಪಿ ಬಂದವರನ್ನು ಕೇಳುವ ಹಾಗೆ. ನವೀನ ಕಾಲೇಜಿಗೆ ಫೋನ್ ಮಾಡಲು ಬೆವರುತ್ತಾ ಓಡಾಡುತ್ತಿದ್ದ. ಮೇಡಂ ಬಗ್ಗಿ ರೇಡಿಯೊ ಆರಿಸಿದರು.

"ಮಾತು ತಪ್ಪಿಬಿಟ್ಟೆ ಅಮ್ಮ," ಎಂದರು.

ಅಜ್ಜಿ ರೇಡಿಯೊವನ್ನು ಆಚೆಗೆ ಸರಿಸಿದರು. ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಅದೇ ಪದವನ್ನು ಮೊದಲಿನಿಂದ ತೆಗೆದರು. ಒಂದು ಸೊಲ್ಲು ಹೇಳಿ ನಿಲ್ಲಿಸಿದರು. ನಾವೆಲ್ಲ ಆ ಬಿಡುವನ್ನು ಕಾದೆವು. ಮೇಡಂ ಎಂದಿನಂತೆ ಕಣ್ಣರಳಿಸಿ ತಲೆಯಾಡಿಸಿದರು. ಎರಡನೆಯ ಸೊಲ್ಲು ಬರಲಿಲ್ಲ. ಅಜ್ಜಿ ಮೇಡಂ ಕಡೆ ತಿರುಗಿದರು.

"ಯಾಕ್ ಸುಮ್ಕಿದ್ದೀಯಾ? ಎತ್ಕೋ."

"ಅದು ಅವರ ಪಾಲಲ್ವಾ ಅಮ್ಮ?"

"ಅವಳ್ದೇ ಕಣವ್ವ. ನಾನ್ ಕೊಡ್ತಾ ಇವ್ನಿ. ಅಷ್ಟು ದಿನ ಕಿವೀಲಿ ಹಾಕ್ಕಂಡು ತಿರುಗಿದ್ದೀಯಾ, ಬರಾಕಿಲ್ವಾ ನಿಂಗೆ?" ಎಂದು ಎದ್ದು, ಸರಿದು, ಮೇಡಂ ಅವರನ್ನು ತಮ್ಮ ಬಲಕ್ಕೆ ಎಳೆದು ಕೂರಿಸಿಕೊಂಡರು.

ರೆಕಾರ್ಡರ್ ಚೀಲದೊಳಗಿತ್ತು. ನಾನು ಚೀಲಕ್ಕೆ ಕೈ ಹಾಕಿ ಮೇಡಂ ಮುಖ ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ಆಮೇಲೆ ಹಾಡಿದರು.

ಮೇಡಂ ತಂಗಿ ಕೇಳಿದ್ದಕ್ಕಾಗಿ, ಕೇಳಿಸಿದ್ದನ್ನು ಕೇಳಿಸಿದಷ್ಟೇ ಬರೆಯುತ್ತೇನೆ. ದನಿ ಮಾತಿಗಿಂತ ತಗ್ಗಿನಲ್ಲಿತ್ತು. ಮೊದಲ ಸೊಲ್ಲಿನಲ್ಲಿ ಶ್ರುತಿ ಸೇರಲಿಲ್ಲ, ಅಜ್ಜಿ ತೊಡೆ ತಟ್ಟಿ ಸರಿಮಾಡಿದರು. ಉದ್ದನೆಯ ಸೊಲ್ಲುಗಳಲ್ಲಿ ಕೊನೆಗೆ ಮುಂಚೆಯೇ ಉಸಿರು ಮುಗಿಯುತ್ತಿತ್ತು, ಉಳಿದದ್ದನ್ನು ಇನ್ನೊಂದು ಸಣ್ಣ ಉಸಿರಿನಲ್ಲಿ ಮುಗಿಸುತ್ತಿದ್ದರು. 'ಳ' ಬಂದಲ್ಲೆಲ್ಲ ಸ್ವಲ್ಪ ಒತ್ತುತ್ತಿದ್ದರು. ಮದುಮಗಳು ಹೊಸ್ತಿಲು ದಾಟುವ ಕಡೆಯಲ್ಲಿ ದನಿ ಒಡೆಯಿತು. ನಿಲ್ಲಿಸಲಿಲ್ಲ. ಒಂದು ಸೊಲ್ಲೂ ತಪ್ಪಲಿಲ್ಲ.

ಮುಗಿದಾಗ ಅಜ್ಜಿ, "ಪರ್ವಾಗಿಲ್ಲ. ಅವಳಷ್ಟಿಲ್ಲ," ಎಂದರು.

ನವೀನ ಲಾರಿ, ಕುಕ್ಕರ್, ಕಾಗೆಗಳನ್ನೆಲ್ಲ ವಾಪಸು ಸೇರಿಸಿ ಮುಂದಿನ ವಾರ ಕಾರ್ಯಕ್ರಮವನ್ನು ಮತ್ತೆ ಪ್ರಸಾರ ಮಾಡಿದ. ಕೊಳಲು ಬರಲಿಲ್ಲ. ಅಜ್ಜಿ ರೇಡಿಯೊ ಹಚ್ಚಿಸಲೇ ಇಲ್ಲವಂತೆ. 'ಕೇಳಾಯ್ತಲ್ಲ' ಎಂದರೆಂದು ಜಯಮ್ಮ ಹೇಳಿದರು.

ಅಜ್ಜಿ ಈಗಿಲ್ಲ. ಕಾಲೇಜಿನ ರೇಡಿಯೊ ಮುಚ್ಚಿತು. ಮೇಡಂ ಹೋಗಿ ವರ್ಷವಾಯಿತು. ಫೋನಿನಲ್ಲಿಯೂ ಅವರು ಬರೆದು ಕಳಿಸುತ್ತಿದ್ದರೇ ಹೊರತು ಮಾತಾಡಿ ಕಳಿಸುತ್ತಿರಲಿಲ್ಲ. ಉಳಿದಿರುವ ಧ್ವನಿಮುದ್ರಣಗಳನ್ನೆಲ್ಲ ನಾನು ಈ ವಾರ ಮತ್ತೆ ಕೇಳಿದೆ. ಜನ ಮಾತಾಡುತ್ತಾರೆ, ಅಳುತ್ತಾರೆ, ಎದುರಿಗೆ ಕೂತವರನ್ನು 'ಅಲ್ವಾ ಮೇಡಂ?' ಎಂದು ಕೇಳುತ್ತಾರೆ. ಉತ್ತರ ಬರುವುದಿಲ್ಲ. ತಲೆಯಾಡಿಸಿದ್ದು ಕೇಳಿಸುವುದಿಲ್ಲವಲ್ಲ…

ಗುರುವಾರ ಆ ಅಂಗಡಿಯಲ್ಲಿ ಒಂದು ಹಿಡಿ ಲಾಮಂಚ ಕಟ್ಟಿಸಿಕೊಂಡು ಬಂದೆ. ನಾಳೆ ರಾಜಾಜಿನಗರಕ್ಕೆ ಹೋಗಿ ಈ ಬರಹದ ಜೊತೆ ಅದನ್ನು ಅವರ ತಂಗಿಗೆ ಕೊಡಬೇಕು. ದನಿ ಕೊಡಲು ನನ್ನಿಂದಾಗದು. ಅದನ್ನು ಕೇಳಿದವರಲ್ಲಿ ಇನ್ನೂ ಇರುವವರು ಇಷ್ಟು: ತೆಂಗಿನ ಮರದ ಹತ್ತಿರ ನಿಂತಿದ್ದ ನವೀನ, ಈಗ ನಂದಿನಿ ಲೇಔಟಿನಲ್ಲಿದ್ದಾನೆ; ಒಗೆಯುವ ಕಲ್ಲಿನ ಪಕ್ಕ ಇದ್ದ ನಾನು; ಹೊಸ್ತಿಲ ಮೇಲೆ ಕೂತಿದ್ದ ಜಯಮ್ಮ, ಅದೇ ಮನೆಯಲ್ಲೇ ಇದ್ದಾರೆ. ಜಯಮ್ಮನಿಗೆ ಆ ಪದ ಪೂರ್ತಿ ಬರುತ್ತದೆ. ತಂಗಿ ಹೋಗಿ ಪಕ್ಕದಲ್ಲಿ ಕೂತರೆ, ಮೇಡಂ ಎಲ್ಲಿ ಉಸಿರು ತೆಗೆದುಕೊಂಡರು ಎಂಬುದನ್ನೂ ಹಾಡಿ ತೋರಿಸಿಯಾರು.