ಗ್ರೀಸಿನ ಬೆಂಕಿಗೆ ದೋಹಾದಲ್ಲಿ ಮೌನ

ಕಳೆದ ಶುಕ್ರವಾರ ನಾನು ಒಬ್ಬನ ಬಾಯಿ ಮುಚ್ಚಿಸಿದೆ. ಅದೂ ತುಂಬ ಮರ್ಯಾದೆಯಿಂದ.

ಆತ ನಿಕೋಸ್. ಗ್ರೀಸ್ ದೇಶದವನು, ಕತಾರಿನ ತೈಲದ ಊರು ದುಖಾನಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಇಂಜಿನಿಯರ್. ಈ ಬೇಸಿಗೆಯಲ್ಲಿ ಕಾಡ್ಗಿಚ್ಚಿಗೆ ಗ್ರೀಸ್ ಹೊತ್ತಿ ಉರಿದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ನಿಕೋಸನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಆ ಬೆಂಕಿಯಲ್ಲಿ ತೀರಿಹೋದರು. ಆತ ಊರಿಗೆ ಹೋಗಿ ಮಣ್ಣು ಮಾಡಿ ಬಂದ. ಬೂದಿ ಆರುವ ಮೊದಲೇ ಅಲ್ಲಿ ಚುನಾವಣೆ. ಗೆದ್ದವರು ಯಾರು? ಹಳೆಯ ಸರ್ಕಾರದವರೇ! (ನಗಬೇಡಿ, ನಮ್ಮಲ್ಲೇನು ಬೇರೆಯೇ?)

ಅಂದಿನಿಂದ ಆತ ಕ್ಯಾಂಟೀನಿನಲ್ಲಿ ಒಬ್ಬನೇ ಕೂರುತ್ತಿದ್ದ. ಪಾಪ ಅನಿಸಿತು. ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಡೆಯುವ ನಮ್ಮ ಊರಿನವರ ಕೂಟಕ್ಕೆ ಕರೆದುಕೊಂಡು ಹೋದೆ. ವಿಷಯ ತಿಳಿದ ಕಾರ್ಯದರ್ಶಿ ಲಾರೆನ್ಸ್, "ಊಟಕ್ಕೆ ಮೊದಲು ಅವ್ರೂ ಎರಡು ಮಾತಾಡ್ಲಿ" ಎಂದರು. ಕಾರ್ಯಕ್ರಮ ನಿರೂಪಣೆ ನನ್ನದು.

ನಾವು ಕಣ್ಣೀರು ನಿರೀಕ್ಷಿಸಿದ್ದೆವು. ಆತ ಸಿಟ್ಟಿನಿಂದಲೇ ಶುರು ಮಾಡಿದ. "ಎಲೆನಿ ನನ್ನ ಚಿಕ್ಕಮ್ಮ. ಅವರನ್ನು ಉಳಿಸಬಹುದಿತ್ತೇ, ಇಲ್ಲವೇ? ಸರ್ಕಾರ ಹೇಳಲಿ. ನನಗೆ ಸಂತಾಪ ಬೇಡ, ಉತ್ತರ..."

ಲಾರೆನ್ಸ್ ನನ್ನ ಕಿವಿಗೆ ಬಾಗಿದರು. "ಇದು ಪಾಲಿಟಿಕ್ಸ್ ಆಯ್ತಲ್ಲ ಮಾರಾಯಾ! ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಕೂಟವೂ ಖಲಾಸ್, ವೀಸಾವೂ ಖಲಾಸ್. ನಿಲ್ಸು ಒಮ್ಮೆ!"

ಗ್ರೀಸಿನ ಸರ್ಕಾರವನ್ನು ಬೈದರೆ ಕತಾರಿನಲ್ಲಿ ಯಾರಿಗೆ ನೋವು? ಅಷ್ಟೂ ಯೋಚಿಸಲಿಲ್ಲ. ಹದಿನೆಂಟು ವರ್ಷದ ಗಲ್ಫ್ ಅಭ್ಯಾಸ ನೋಡಿ. ಮೈಕ್ ಕೈಗೆ ತೆಗೆದುಕೊಂಡು ಇಂಗ್ಲಿಷಿನಲ್ಲೇ ಹೇಳಿದೆ: "ಮೃತರ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ."

ಎಲ್ಲರೂ ಎದ್ದು ತಲೆ ತಗ್ಗಿಸಿದರು. ನಿಕೋಸನ ಬಾಯಿ ಇನ್ನೂ ತೆರೆದೇ ಇತ್ತು. ತನ್ನ ಚಿಕ್ಕಮ್ಮನಿಗೇ ಮೌನ ಎಂದ ಮೇಲೆ ಪಾಪದವನು ಮಾತಾಡುವುದು ಹೇಗೆ? ನಿಮಿಷ ಮುಗಿಯಿತು. "ಯಲ್ಲಾ, ಊಟಕ್ಕೆ ಬನ್ನಿ" ಎಂದರು ಲಾರೆನ್ಸ್. ಕೋರಿ ರೊಟ್ಟಿ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಈಗ ನೆನೆದರೆ ಹೇಸಿಗೆಯಾಗುತ್ತದೆ.

ದುಖಾನಿಗೆ ವಾಪಸಾಗುವಾಗ ಕಾರಿನಲ್ಲಿ ನಾನೇ, "ಸಾರಿ, ಇಲ್ಲಿ ಹೀಗೇ" ಎಂದೆ.

"ಊರಲ್ಲಿ ನಾನು ಬೀದಿಯಲ್ಲಿ ನಿಂತು ಕಿರುಚಿದೆ. ಯಾರೂ ತಡೆಯಲಿಲ್ಲ, ಯಾರೂ ಕೇಳಲೂ ಇಲ್ಲ" ಎಂದ ನಿಕೋಸ್. "ನೀವು ಕೇಳುತ್ತಿದ್ದಿರಿ. ಅದಕ್ಕೇ ಅಲ್ಲವೇ ನಿಲ್ಲಿಸಿದ್ದು?"

ಆ ಒಂದು ನಿಮಿಷ ನಾನು ಶಾಂತಿ ಕೋರಿದ್ದು ಎಲೆನಿಯ ಆತ್ಮಕ್ಕಲ್ಲ, ನನ್ನ ವೀಸಾಕ್ಕೆ.